ರಕ್ತದ ಕಲೆಯಿಂದ ಕೋರ್ಟಿನವರೆಗೆ: ಜೈವಿಕ ಸಾಕ್ಷ್ಯ ಕೆಡದಂತೆ ಕಾಪಾಡುವ ಸಮಗ್ರ ಮಾರ್ಗದರ್ಶಿ

2012ರ ಫೆಬ್ರವರಿಯಲ್ಲಿ ದೆಹಲಿಯ ಛಾವ್ಲಾದಿಂದ ಒಬ್ಬ ಯುವತಿಯನ್ನು ಅಪಹರಿಸಿ ಕೊಂದರು. ಮೂವರಿಗೆ ಗಲ್ಲು ಶಿಕ್ಷೆಯಾಯಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಮೂವರನ್ನೂ ಬಿಡುಗಡೆ ಮಾಡಿತು. ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ನೋಡೋಣ. ಡಿಎನ್‌ಎ ಪರೀಕ್ಷೆಗೆ ಬೇಕಾದ ವಸ್ತುಗಳನ್ನು ಪೊಲೀಸರು ಫೆಬ್ರವರಿ 14 ಮತ್ತು 16ರಂದು ಜಪ್ತಿ ಮಾಡಿದ್ದರು. ಲ್ಯಾಬಿಗೆ ಕಳಿಸಿದ್ದು 27ಕ್ಕೆ. ನಡುವಿನ ದಿನಗಳಲ್ಲಿ ಅವು ಠಾಣೆಯ ಮಾಲ್‌ಖಾನೆಯಲ್ಲಿ, ಅಂದರೆ ಜಪ್ತಿ ವಸ್ತುಗಳನ್ನು ಇಡುವ ಕೋಣೆಯಲ್ಲಿ ಇದ್ದವು. ಆ ಅವಧಿಯಲ್ಲಿ ಯಾರೂ ಕೈಯಾಡಿಸಿಲ್ಲ ಅಂತ ಹೇಳಲು ಆಗುವುದಿಲ್ಲ ಎಂದಿತು ಕೋರ್ಟ್.

ಜೈವಿಕ ಸಾಕ್ಷ್ಯ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಎರಡೇ ಜಾಗ. ಒಂದು, ಟೇಪ್ ಸುತ್ತಿದ ಘಟನಾ ಸ್ಥಳ. ಇನ್ನೊಂದು, ಬಿಳಿ ಕೋಟು ಹಾಕಿದವರ ಲ್ಯಾಬು. ಸಾಕ್ಷ್ಯ ಜಾಸ್ತಿ ಹಾಳಾಗುವುದು ಇವೆರಡರ ನಡುವೆ. ಜೀಪಿನ ಹಿಂದಿನ ಸೀಟು, ರೈಟರ್ ಮೇಜಿನ ಕೆಳಗಿನ ರಟ್ಟಿನ ಡಬ್ಬಿ, ಆಸ್ಪತ್ರೆಯ ಕರೆಂಟು ಹೋದ ಫ್ರಿಜ್ಜು, ಇವೇ ಅಪಾಯದ ಜಾಗಗಳು. ಹಾಗಾಗಿ ಈ ಬರಹದಲ್ಲಿ ಆ ನಡುವಿನ ದಾರಿಗೇ ಜಾಸ್ತಿ ಜಾಗ. ಇದು ಮುಖ್ಯವಾಗಿ ಹೊಸದಾಗಿ ಠಾಣೆಗೆ ಬಂದ ಪಿಎಸ್‌ಐಗಳಿಗೆ ಮತ್ತು ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರುಗಳಿಗೆ. ಒಂದು ಭಾಗ ಮಾತ್ರ ಸಂತ್ರಸ್ತರ ಮನೆಯವರಿಗೆ. ಕ್ರಿಮಿನಲ್ ವಕೀಲರೂ ಓದಿಕೊಂಡರೆ ನಷ್ಟವಿಲ್ಲ.

ಡಿಎನ್‌ಎಯನ್ನು ಕೊಲ್ಲುವುದು ಏನು?

ಒಣಗಿದ ರಕ್ತದ ಕಲೆಯಲ್ಲಿ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತದೆ, ದಶಕಗಟ್ಟಲೆ ಉಳಿದದ್ದೂ ಇದೆ. ಅದೇ ಕಲೆ ಒದ್ದೆಯಾಗಿ ಪ್ಲಾಸ್ಟಿಕ್ ಕವರಿನೊಳಗೆ ಸೇರಿದರೆ ಕೆಲವೇ ದಿನಗಳಲ್ಲಿ ಕೆಡಬಹುದು. ತೇವ ಸಿಕ್ಕಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅವುಗಳ ಕಿಣ್ವಗಳು ಡಿಎನ್‌ಎಯ ಉದ್ದನೆಯ ಎಳೆಯನ್ನು ಚೂರು ಚೂರು ಮಾಡುತ್ತವೆ. ಸೆಕೆ ಈ ಕೆಲಸಕ್ಕೆ ವೇಗ ಕೊಡುತ್ತದೆ. ನೇರ ಬಿಸಿಲಿನ ಅತಿನೇರಳೆ ಕಿರಣ ಬೇರೆ ರೀತಿಯಲ್ಲಿ ಹಾಳು ಮಾಡುತ್ತದೆ. ಅಂಗಾಂಶ ಕೊಳೆಯದಂತೆ ಇಡಲು ಆಸ್ಪತ್ರೆಯಲ್ಲಿ ಬಳಸುವ ಫಾರ್ಮಲಿನ್ ದ್ರಾವಣ ಎಳೆಗಳನ್ನು ಒಂದಕ್ಕೊಂದು ಬೆಸೆದು ಬಿಡಿಸಲಾಗದಂತೆ ಮಾಡುತ್ತದೆ.

ಇನ್ನೊಂದು ಅಪಾಯ ಬೇರೆಯವರ ಡಿಎನ್‌ಎ ಬಂದು ಸೇರಿಕೊಳ್ಳುವುದು. ಇಂದಿನ ಯಂತ್ರಗಳು ಬೆರಳೆಣಿಕೆಯಷ್ಟು ಜೀವಕೋಶಗಳನ್ನೂ ಹಿಡಿಯುತ್ತವೆ. ನಿಮ್ಮ ಒಂದು ಸೀನು, ಹಣೆಯಿಂದ ಬಿದ್ದ ಒಂದು ಬೆವರ ಹನಿ ಸಾಕು.

ಇದಕ್ಕೆ ಜರ್ಮನಿಯ ಹೈಲ್‌ಬ್ರಾನ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 2007ರಲ್ಲಿ ಅಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಸ್ಥಳದಲ್ಲಿ ಸಿಕ್ಕ ಒಬ್ಬ ಅಪರಿಚಿತ ಹೆಂಗಸಿನ ಡಿಎನ್‌ಎ ಆಸ್ಟ್ರಿಯಾ, ಫ್ರಾನ್ಸ್‌ಗಳ ಪ್ರಕರಣಗಳಲ್ಲೂ ಕಾಣಿಸಿಕೊಂಡಿತ್ತು. ಕೊಲೆ, ದರೋಡೆ, ಸಣ್ಣಪುಟ್ಟ ಕಳ್ಳತನ, ಎಲ್ಲದರಲ್ಲೂ ಅವಳೇ! ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾಯಿತು, ಅದು ಮಾದರಿ ಒರೆಸಿ ತೆಗೆಯುವ ಹತ್ತಿ ತುದಿಯ ಸ್ವಾಬ್ ಕಡ್ಡಿಗಳನ್ನು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಹೆಂಗಸಿನ ಡಿಎನ್‌ಎ. ಕಡ್ಡಿಗಳು ಸ್ಟೆರೈಲ್ ಆಗಿದ್ದವು, ಅಂದರೆ ಕ್ರಿಮಿಗಳು ಸತ್ತಿದ್ದವು. ಆದರೆ ಡಿಎನ್‌ಎ ಹಾಗೇ ಉಳಿದಿತ್ತು. ಈಗ ಇಂಥ ಸಾಮಗ್ರಿಗಳಿಗೆಂದೇ ಐಎಸ್‌ಒ 18385 ಎಂಬ ಮಾನದಂಡವಿದೆ, 2016ರದ್ದು. ನಿಮ್ಮ ಕಿಟ್ ಖರೀದಿಸುವವರಿಗೆ ಈ ಸಂಖ್ಯೆ ಹೇಳಿ. ಮೆಡಿಕಲ್ ಸ್ಟೋರಿನ ಹತ್ತಿಯನ್ನು ಕಡ್ಡಿಗೆ ಸುತ್ತಿಕೊಂಡು ಕೆಲಸ ಮುಗಿಸುವ ಅಭ್ಯಾಸ ಬಿಟ್ಟುಬಿಡಿ.

ಪೊಲೀಸರು ಬರುವ ಮೊದಲು: ಮನೆಯವರು ಮಾಡಬೇಕಾದ್ದು

ಲೈಂಗಿಕ ದೌರ್ಜನ್ಯವಾದಾಗ ಮೊದಲು ಸ್ನಾನ ಮಾಡಬೇಕು ಅನ್ನಿಸುವುದು ಸಹಜ. ಆಗುವುದಾದರೆ ತಡೆದುಕೊಳ್ಳಿ. ಬಟ್ಟೆ ಬದಲಾಯಿಸಿದರೆ ಹಳೆಯದನ್ನು ಒಗೆಯಬೇಡಿ, ಪ್ಲಾಸ್ಟಿಕ್ ಕವರಿಗೂ ತುರುಕಬೇಡಿ. ಹೊಸ ಬ್ರೌನ್ ಪೇಪರ್ ಕವರಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಇಡಿ. ಅದು ಸಿಗದಿದ್ದರೆ ಶುಭ್ರವಾದ ಕಾಗದ. ಬಾಯಿಗೆ ಸಂಬಂಧಿಸಿದ ದೌರ್ಜನ್ಯವಾಗಿದ್ದರೆ, ಸ್ವಾಬ್ ತೆಗೆಯುವವರೆಗೆ ಬಾಯಿ ಮುಕ್ಕಳಿಸದೆ ಇದ್ದರೆ ಒಳ್ಳೆಯದು. ಹಾಸಿಗೆಯ ಬೆಡ್‌ಶೀಟ್ ಎಳೆಯದೆ ಬಿಟ್ಟು ಕೋಣೆಗೆ ಬೀಗ ಹಾಕಿ.

ಈಗಾಗಲೇ ಸ್ನಾನ ಆಗಿಹೋಗಿದೆಯೇ? ಬಟ್ಟೆ ಒಗೆದಾಗಿದೆಯೇ? ಆದರೂ ಆಸ್ಪತ್ರೆಗೆ ಹೋಗಿ, ಆ ಬಟ್ಟೆಯನ್ನೂ ಕೊಡಿ. ಒಗೆದ ಹತ್ತಿ ಬಟ್ಟೆಯ ವೀರ್ಯದ ಕಲೆಯಿಂದ ಡಿಎನ್‌ಎ ಸಿಕ್ಕಿದ್ದು ಉಂಟು. "ಎಲ್ಲಾ ತೊಳೆದುಬಿಟ್ಟಿದೀರಲ್ಲ, ಇನ್ನೇನು ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ.

ಎಫ್‌ಐಆರ್ ಇಲ್ಲದೆ ಪರೀಕ್ಷೆ ಮಾಡಲ್ಲ ಅಂತ ಆಸ್ಪತ್ರೆ ಹೇಳುವಂತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 27ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 397ರ ಪ್ರಕಾರ ಚಿಕಿತ್ಸೆ ಉಚಿತ, ತಕ್ಷಣ.

ಘಟನಾ ಸ್ಥಳದಲ್ಲಿ

2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 176(3)ನೇ ಸೆಕ್ಷನ್ ನೆನಪಿರಲಿ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಕರ್ನಾಟಕದಲ್ಲಿ ಇದಕ್ಕಾಗಿ ಸೋಕೋ, ಅಂದರೆ ಅಪರಾಧ ಸ್ಥಳದ ಸಾಕ್ಷ್ಯ ಸಂಗ್ರಹಿಸುವ ಅಧಿಕಾರಿಗಳಿದ್ದಾರೆ. ಅವರು ಬರುವವರೆಗೆ ನಿಮ್ಮ ದೊಡ್ಡ ಕೆಲಸ ಒಂದೇ: ಯಾರನ್ನೂ ಒಳಗೆ ಬಿಡದಿರುವುದು. ಊರ ಮುಖಂಡರನ್ನೂ, ನಿಮ್ಮ ಮೇಲಧಿಕಾರಿಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಒಳಗೆ ಹೋಗಲೇಬೇಕಾದವರ ಹೆಸರು, ಹೊಕ್ಕ ಸಮಯ, ಹೊರಬಂದ ಸಮಯ ಬರೆದಿಡಿ. ಮುಂದೆ ಲ್ಯಾಬಿನವರಿಗೆ ಗುರುತಾಗದ ಡಿಎನ್‌ಎ ಸಿಕ್ಕಿದರೆ ಈ ಪಟ್ಟಿಯಿಂದಲೇ ಹೋಲಿಸಿ ನೋಡಬೇಕಾಗುತ್ತದೆ.

ತಜ್ಞರು ಬರುವುದು ತಡವಾಗಿ, ಮಳೆ ಶುರುವಾಗುವಂತಿದ್ದರೆ ನೀವೇ ಸಂಗ್ರಹಿಸಬೇಕಾಗುತ್ತದೆ. ಆಗ ಕ್ರಮ ಹೀಗಿರಲಿ.

1. ಮಾಸ್ಕ್, ತಲೆಗೆ ಕ್ಯಾಪ್, ಎರಡು ಜೊತೆ ಗ್ಲೌಸ್ ಹಾಕಿ. ಮೇಲಿನ ಜೊತೆಯನ್ನು ಪ್ರತಿ ವಸ್ತುವಿಗೂ ಬದಲಾಯಿಸಿ. ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ಹಿಡಿದು, ಅದೇ ಕೈಯಲ್ಲಿ ಸ್ವಾಬ್ ಹಿಡಿದರೆ ಗ್ಲೌಸ್ ಹಾಕಿಯೂ ಪ್ರಯೋಜನವಿಲ್ಲ.

2. ಮುಟ್ಟುವ ಮೊದಲು ಫೋಟೋ. ದೂರದಿಂದ ಒಂದು, ಹತ್ತಿರದಿಂದ ಒಂದು, ಸ್ಕೇಲ್ ಇಟ್ಟು ಒಂದು. ಜಪ್ತಿಯ ವಿಡಿಯೋವನ್ನು ಬಿಎನ್‌ಎಸ್‌ಎಸ್ 105 ಹೇಗೂ ಕೇಳುತ್ತದೆ.

3. ಮೊದಲು ಕೈಜಾರಿ ಹೋಗುವಂಥದ್ದನ್ನು ಎತ್ತಿಕೊಳ್ಳಿ: ಗಾಳಿಗೆ ಹಾರುವ ಕೂದಲು, ಬಿಸಿಲಿಗೆ ಬಿದ್ದ ಬೀಡಿ ತುಂಡು, ಬಾಗಿಲ ಬಳಿಯ ಹಸಿ ರಕ್ತ. ಗೋಡೆಯ ಮೇಲಿನ ಒಣ ಕಲೆ ಸ್ವಲ್ಪ ಹೊತ್ತು ಕಾಯುತ್ತದೆ.

4. ಸಾಗಿಸಬಹುದಾದ ವಸ್ತುವನ್ನು ಇಡಿಯಾಗಿ ಕಳಿಸಿ. ಬಟ್ಟೆಯಿಂದ ಕಲೆಯ ಭಾಗ ಮಾತ್ರ ಕತ್ತರಿಸಿ ಕಳಿಸುವುದು ಬೇಡ. ಇರಿತದ ತೂತಿನ ಮೇಲಂತೂ ಕತ್ತರಿ ಆಡಿಸಲೇಬೇಡಿ.

5. ಸಾಗಿಸಲಾಗದ್ದಕ್ಕೆ ಸ್ವಾಬ್. ಹಸಿ ರಕ್ತಕ್ಕೆ ಒಣ ಸ್ವಾಬ್ ಸಾಕು. ಒಣಗಿದ ಕಲೆಗೆ ಸ್ಟೆರೈಲ್ ಡಿಸ್ಟಿಲ್ಡ್ ನೀರಿನ ಒಂದೆರಡು ಹನಿಯಿಂದ ತೇವ ಮಾಡಿದ ಸ್ವಾಬಿನಲ್ಲಿ ಒರೆಸಿ, ಅದೇ ಜಾಗವನ್ನು ಇನ್ನೊಂದು ಒಣ ಸ್ವಾಬಿನಲ್ಲಿ ಒರೆಸಿ. ಎರಡನ್ನೂ ಕಳಿಸಿ. ಚರ್ಮದ ಮೇಲೆ ಕಚ್ಚಿದ ಗುರುತಿದ್ದರೆ ಅಲ್ಲಿನ ಜೊಲ್ಲಿಗೂ ಇದೇ ವಿಧಾನ. ಕಲೆ ಚಿಕ್ಕದಾಗಿದ್ದರೆ ಸ್ವಾಬಿನ ತುದಿಯಲ್ಲೇ ಒಟ್ಟುಗೂಡಿಸಿ, ಇಡೀ ಹತ್ತಿಗೆ ಹರಡಬೇಡಿ.

6. ಕಲೆಯ ಪಕ್ಕದ ಕಲೆಯಿಲ್ಲದ ಜಾಗದಿಂದ ಒಂದು ಸ್ವಾಬ್, ಏನನ್ನೂ ಮುಟ್ಟಿಸದ ಖಾಲಿ ಸ್ವಾಬ್ ಇನ್ನೊಂದು. ಇವೆರಡನ್ನೂ ಬಿಟ್ಟುಬಿಡುವವರೇ ಜಾಸ್ತಿ. ನೀರಿನಲ್ಲೋ ನೆಲದಲ್ಲೋ ಸ್ವಾಬಿನಲ್ಲೋ ಮೊದಲೇ ಬೇರೆ ಡಿಎನ್‌ಎ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಇವುಗಳಲ್ಲೇ ಇರುತ್ತದೆ.

ವಸ್ತುಗಳ ಬಗ್ಗೆ ಕೆಲವು ಬಿಡಿ ಮಾತು. ರಕ್ತ ಬಿದ್ದ ಮಣ್ಣು ಬೇಗ ಕೆಡುತ್ತದೆ, ಏಕೆಂದರೆ ಮಣ್ಣಿನಲ್ಲೇ ಬ್ಯಾಕ್ಟೀರಿಯಾ ತುಂಬಿದೆ. ಮಣ್ಣಿನ ಹ್ಯೂಮಿಕ್ ಆಮ್ಲ ಲ್ಯಾಬಿನಲ್ಲಿ ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಪ್ರಕ್ರಿಯೆಗೂ ಅಡ್ಡಿ. ಹತ್ತಿರದಲ್ಲೇ ಕಲ್ಲೋ ಎಲೆಯೋ ರಕ್ತ ಹತ್ತಿ ಬಿದ್ದಿದ್ದರೆ ಅದಕ್ಕೇ ಮೊದಲ ಆದ್ಯತೆ. ಜೀನ್ಸ್ ಬಟ್ಟೆಯ ನೀಲಿ ಬಣ್ಣವೂ ಹಾಗೇ ತೊಂದರೆ ಕೊಡುತ್ತದೆ, ಹಾಗಾಗಿ ಜೀನ್ಸಿನಿಂದ ತೆಗೆದದ್ದು ಅಂತ ಕಾಗದದಲ್ಲಿ ಕಾಣಿಸಿ. ಕೂದಲಿನ ಬುಡ ಇದ್ದರೆ ಪೂರ್ತಿ ಡಿಎನ್‌ಎ ಪ್ರೊಫೈಲ್ ಸಿಗಬಹುದು. ಬರೀ ಎಳೆಯಿದ್ದರೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಮಾತ್ರ. ಕಾಂಡೋಮ್ ಸಿಕ್ಕಿದರೆ ಒಳಗಿನದು ಚೆಲ್ಲದಂತೆ ಬಾಯಿ ಕಟ್ಟಿ, ಸೋರದ ಡಬ್ಬಿಯಲ್ಲಿ ಹಾಕಿ ತಕ್ಷಣ ತಂಪಿಗಿಡಿ. ಕಾಣದ ರಕ್ತದ ಕಲೆ ಹೊಳೆಯುವಂತೆ ಮಾಡುವ ಲ್ಯುಮಿನಾಲ್ ಸಿಂಪಡಿಸುವ ಆಸೆ ಬೇಡ. ಕಣ್ಣಿಗೆ ಕಾಣುವ ಕಲೆಯನ್ನು ಮೊದಲು ಸಂಗ್ರಹಿಸಿ, ಆಮೇಲೆ ಕಾಣದ್ದನ್ನು ಹುಡುಕಲು ಅದನ್ನು ತಜ್ಞರು ಬಳಸುತ್ತಾರೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಆರೋಪಿ ಮತ್ತು ಸಂತ್ರಸ್ತೆ ಒಂದೇ ಜೀಪಿನಲ್ಲಿ, ಒಂದೇ ದಿನ, ಒಂದೇ ಸೀಟಿನಲ್ಲಿ ಕೂತರೆ ನಿಮ್ಮ ಕೇಸು ಅಲ್ಲೇ ಅರ್ಧ ಸೋತಿದೆ. ಸಂತ್ರಸ್ತೆಯ ಬಟ್ಟೆ ಕಟ್ಟಿದ ಕಾನ್ಸ್‌ಟೇಬಲ್ ಆರೋಪಿಯ ಬಟ್ಟೆ ಮುಟ್ಟಬಾರದು. ಆರೋಪಿಯನ್ನು ಮಹಜರಿಗೆ ಕರೆತರುವ ಮೊದಲೇ ಸ್ಥಳದ ಸಂಗ್ರಹ ಮುಗಿದಿರಬೇಕು. ಠಾಣೆಯಲ್ಲಿ ಸಿಬ್ಬಂದಿ ಕಡಿಮೆ, ವಾಹನ ಒಂದೇ, ನಿಜ. ಆದರೂ ಇದಕ್ಕೆ ಒಳದಾರಿ ಇಲ್ಲ. ಪಕ್ಕದ ಠಾಣೆಯ ವಾಹನ ಕೇಳಿ, ಕೇಳಿದ್ದನ್ನು ಕೇಸ್ ಡೈರಿಯಲ್ಲಿ ಬರೆಯಿರಿ.

ಒಣಗಿಸುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಆಷಾಢದಲ್ಲಿ ಒದ್ದೆ ಟವೆಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಎರಡು ದಿನ ಮರೆತರೆ ಬರುವ ಮುಗ್ಗಲು ವಾಸನೆ ಎಲ್ಲರಿಗೂ ಗೊತ್ತು. ರಕ್ತ ಹತ್ತಿದ ಅಂಗಿಗೂ ಆಗುವುದು ಅದೇ. ಆ ವಾಸನೆ ಬಂತು ಅಂದರೆ ಸೂಕ್ಷ್ಮಾಣುಗಳು ಕೆಲಸ ಶುರು ಮಾಡಿವೆ ಅಂತ ಅರ್ಥ.

ಒಣಗಿಸಲು ಬೇಕಾದ್ದು ನೆರಳು, ಸಾಮಾನ್ಯ ಉಷ್ಣತೆ ಮತ್ತು ಸಮಯ. ಬಿಸಿಲು ಬೇಡ. ಹೇರ್ ಡ್ರೈಯರ್ ಬೇಡ. ಹೀಟರಿನ ಮುಂದೆ ಹಿಡಿಯುವುದೂ ಬೇಡ. ಸೀಲಿಂಗ್ ಫ್ಯಾನ್ ಜೋರಾಗಿ ಹಾಕಿದರೆ ಕೂದಲು, ಎಳೆಗಳು ಹಾರಿಹೋಗುತ್ತವೆ, ಮೇಲಿನ ಧೂಳೆಲ್ಲ ಬಟ್ಟೆಯ ಮೇಲೆ ಬೀಳುತ್ತದೆ.

ಠಾಣೆಯಲ್ಲಿ ಒಂದು ಸಣ್ಣ ಕೋಣೆಯನ್ನೋ ಬೀಗ ಹಾಕುವ ಒಂದು ಕಪಾಟನ್ನೋ ಇದಕ್ಕೇ ಮೀಸಲಿಡಿ. ಕೆಳಗೆ ಹೊಸ ಬ್ರೌನ್ ಪೇಪರ್ ಹಾಸಿ. ಮೇಲೆ ಶುದ್ಧ ಹ್ಯಾಂಗರಿನಲ್ಲಿ ಬಟ್ಟೆ ತೂಗುಹಾಕಿ, ಅಥವಾ ಪೇಪರಿನ ಮೇಲೆ ಹರಡಿ. ಕೆಳಗಿನ ಪೇಪರಿನ ಮೇಲೆ ಕೂದಲೋ ಒಣ ರಕ್ತದ ಪುಡಿಯೋ ಬಿದ್ದರೆ ಅದೂ ಸಾಕ್ಷ್ಯವೇ. ಆ ಪೇಪರನ್ನು ಒಳಮುಖವಾಗಿ ಮಡಚಿ, ಬಟ್ಟೆಯ ಪಾರ್ಸಲಿನ ಜೊತೆಗೇ ಕಳಿಸಿ. ಒಂದು ಹೊತ್ತಿಗೆ ಒಬ್ಬರ ಬಟ್ಟೆ ಮಾತ್ರ. ಇಬ್ಬರದನ್ನು ಪಕ್ಕ ಪಕ್ಕ ಒಣಗಿಸಿದರೆ ಡಿಫೆನ್ಸ್ ವಕೀಲರಿಗೆ ನೀವೇ ವಾದ ಬರೆದುಕೊಟ್ಟ ಹಾಗೆ. ಕೋಣೆಗೆ ಯಾವಾಗ ಹಾಕಿದಿರಿ, ಯಾವಾಗ ತೆಗೆದಿರಿ, ಕೀಲಿ ಯಾರ ಬಳಿ ಇತ್ತು, ಬರೆದಿಡಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೆರಳಿಗೆ ಹಾಕಿದ್ದು ಒಣಗುವುದೇ ಇಲ್ಲ, ಅಲ್ವಾ? ಅಲ್ಲಿ ಎರಡು ದಾರಿ. ಡಿಹ್ಯುಮಿಡಿಫೈಯರ್ ಇಟ್ಟ ಮುಚ್ಚಿದ ಕೋಣೆ ಒಂದು. ಅದು ಇಲ್ಲದಿದ್ದರೆ, ಒಣಗಿಸುತ್ತಾ ದಿನ ಕಳೆಯದೆ ಒದ್ದೆ ಬಟ್ಟೆಯನ್ನು ಪೇಪರಿನಲ್ಲಿ ಸುತ್ತಿ, ಸೋರದಂತೆ ಹೊರಗೊಂದು ಪ್ಲಾಸ್ಟಿಕ್ ಹಾಕಿ, ಐಸ್ ಬಾಕ್ಸಿನಲ್ಲಿ ಅದೇ ದಿನ ಲ್ಯಾಬಿಗೆ ಮುಟ್ಟಿಸಿ. "ಒದ್ದೆ ಇದೆ, ತಕ್ಷಣ ತೆರೆಯಿರಿ" ಅಂತ ಹೊರಗೆ ದೊಡ್ಡದಾಗಿ ಬರೆಯಿರಿ. ಪ್ಲಾಸ್ಟಿಕ್ ಬಳಸಬಹುದಾದ್ದು ಇಂಥ ಸಾಗಣೆಗೆ ಮಾತ್ರ, ಅದೂ ಕೆಲವೇ ಗಂಟೆಗಳ ಮಟ್ಟಿಗೆ.

ಸ್ವಾಬುಗಳಿಗೂ ಇದೇ ನಿಯಮ. ತೆಗೆದ ತಕ್ಷಣ ಕೊಳವೆಗೆ ಹಾಕಿ ಮುಚ್ಚಳ ಬಿಗಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಣಗಿಸಿ, ಆಮೇಲೆ ಪೇಪರ್ ಲಕೋಟೆಗೋ ಗಾಳಿಯಾಡುವ ಸ್ವಾಬ್ ಬಾಕ್ಸಿಗೋ ಹಾಕಿ.

ಕಟ್ಟುವುದು, ಸೀಲ್ ಮಾಡುವುದು

ಒಂದು ವಸ್ತು, ಒಂದು ಕವರ್. ಬಟ್ಟೆ ಮಡಚುವಾಗ ಕಲೆಯ ಭಾಗ ಬೇರೆ ಭಾಗಕ್ಕೆ ತಾಗದಂತೆ ಪದರಗಳ ನಡುವೆ ಶುದ್ಧ ಪೇಪರ್ ಇಡಿ. ಕೂದಲು, ಉಗುರಿನಂಥ ಸಣ್ಣ ವಸ್ತುಗಳನ್ನು ಕಾಗದದ ಪೊಟ್ಟಣ ಕಟ್ಟಿ ಆಮೇಲೆ ಲಕೋಟೆಗೆ ಹಾಕಿ. ಬರೀ ಲಕೋಟೆಗೆ ಹಾಕಿದರೆ ಮೂಲೆಯ ಸಂದಿಯಿಂದ ಜಾರಿಹೋಗುತ್ತವೆ. ಚಾಕು, ಮಚ್ಚಿನಂಥವನ್ನು ರಟ್ಟಿನ ಡಬ್ಬಿಯೊಳಗೆ ಅಲುಗಾಡದಂತೆ ದಾರದಿಂದ ಬಿಗಿಯಿರಿ. ಅಲಗಿಗೆ ಹತ್ತಿ ಸುತ್ತಿದರೆ ರಕ್ತವೆಲ್ಲ ಹತ್ತಿಗೆ ಅಂಟಿ ಬರುತ್ತದೆ.

ಲಕೋಟೆಯ ಅಂಟನ್ನು ನಾಲಿಗೆಯಿಂದ ನೆಕ್ಕಬೇಡಿ. ನಗಬೇಡಿ, ನಿಮ್ಮ ಜೊಲ್ಲು ನಿಮ್ಮನ್ನೇ ಕೋರ್ಟಿಗೆ ಎಳೆಯುತ್ತದೆ. ಸ್ಟೇಪ್ಲರ್ ಪಿನ್ನೂ ಬೇಡ. ಅದು ಲ್ಯಾಬಿನವರ ಗ್ಲೌಸ್ ಹರಿಯುತ್ತದೆ, ಬೆರಳಿಗೆ ಚುಚ್ಚುತ್ತದೆ. ಒಳಗಿರುವುದು ರಕ್ತ ಅನ್ನುವುದು ನೆನಪಿರಲಿ.

ಲೇಬಲ್ಲನ್ನು ಕವರಿನ ಮೇಲೆ ಮೊದಲೇ ಬರೆದು ಆಮೇಲೆ ವಸ್ತು ಹಾಕಿ. ಏನೇನು ಇರಬೇಕು? ಎಫ್‌ಐಆರ್ ಸಂಖ್ಯೆ ಮತ್ತು ದಿನಾಂಕ, ಕಾಯ್ದೆ ಮತ್ತು ಸೆಕ್ಷನ್, ಠಾಣೆ, ತನಿಖಾಧಿಕಾರಿಯ ವಿವರ, ವಸ್ತುವಿನ ಕ್ರಮ ಸಂಖ್ಯೆ. ಸುಪ್ರೀಂ ಕೋರ್ಟ್ 2025ರ ಜುಲೈ 15ರ ತೀರ್ಪಿನಲ್ಲಿ ಡಿಎನ್‌ಎ ಮಾದರಿಗಳಿಗೆ ಇಷ್ಟು ಇರಲೇಬೇಕು ಎಂದಿದೆ. ತಮಿಳುನಾಡಿನ ಸುರುಳಿ ಜಲಪಾತದ ಬಳಿ ನಡೆದ ಜೋಡಿ ಕೊಲೆಯ ಪ್ರಕರಣ ಅದು, ಕಟ್ಟವೆಳ್ಳೈ ತೀರ್ಪು ಅಂತ ಕರೆಯುತ್ತಾರೆ. ಎಲ್ಲಿಂದ, ಎಷ್ಟು ಗಂಟೆಗೆ, ಯಾರು ತೆಗೆದರು ಅನ್ನುವುದನ್ನು ನೀವೇ ಸೇರಿಸಿ. "ಬಟ್ಟೆ-1" ಅಂತ ಬರೆಯಬೇಡಿ. "ನೀಲಿ ಚೌಕಳಿ ಅಂಗಿ, ಎಡ ತೋಳಿನ ಮೇಲೆ ಕಂದು ಕಲೆ" ಅಂತ ಬರೆಯಿರಿ. ಮಹಜರಿನಲ್ಲಿ, ಪಿ.ಎಫ್.ನಲ್ಲಿ (ಜಪ್ತಿ ವಸ್ತುಗಳ ಪಟ್ಟಿ), ಲೇಬಲ್ಲಿನಲ್ಲಿ, ಲ್ಯಾಬಿಗೆ ಬರೆಯುವ ಪತ್ರದಲ್ಲಿ, ನಾಲ್ಕೂ ಕಡೆ ಅದೇ ಮಾತುಗಳು ಇರಲಿ. ಒಂದು ಕಡೆ "ಚೂಡಿದಾರ್ ಟಾಪ್", ಇನ್ನೊಂದು ಕಡೆ "ಕುರ್ತಾ" ಅಂತಿದ್ದರೆ ಪಾಟೀಸವಾಲಿನಲ್ಲಿ ಅದೊಂದೇ ಅರ್ಧ ಗಂಟೆ ನುಂಗುತ್ತದೆ.

ಸಂಗ್ರಹದ ದಾಖಲೆಗೆ ಅಲ್ಲಿದ್ದ ವೈದ್ಯರು, ತನಿಖಾಧಿಕಾರಿ ಮತ್ತು ಪಂಚರ (ಸ್ವತಂತ್ರ ಸಾಕ್ಷಿಗಳ) ಸಹಿ, ಹುದ್ದೆ ಬೇಕು. ಪಂಚರು ಸಿಗದಿದ್ದರೆ ಅದೊಂದೇ ಕಾರಣಕ್ಕೆ ಮಾದರಿ ಬಿದ್ದುಹೋಗುವುದಿಲ್ಲ ಅಂತಲೂ ಅದೇ ತೀರ್ಪು ಹೇಳಿದೆ. ಆದರೆ ಕರೆಯಲು ಪ್ರಯತ್ನಿಸಿದ್ದು, ಸಿಗದೆ ಹೋದದ್ದು ದಾಖಲೆಯಲ್ಲಿ ಇರಬೇಕು. ಕೊನೆಗೆ ಅರಗಿನ ಮೊಹರು, ಅಂಚಿನ ಮೇಲೆ ಹಾಯುವಂತೆ ಸಹಿ ಮತ್ತು ದಿನಾಂಕ. ಮಾದರಿ ಮೊಹರನ್ನು ಬೇರೆ ಕಾಗದದಲ್ಲಿ ಒತ್ತಿ ಲ್ಯಾಬಿಗೆ ಕಳಿಸಿ.

ಆಸ್ಪತ್ರೆಯಲ್ಲಿ

ಅತ್ಯಾಚಾರದ ದೂರು ಬಂದ 24 ಗಂಟೆಯೊಳಗೆ ಸಂತ್ರಸ್ತೆಯನ್ನು ವೈದ್ಯರ ಬಳಿ ಕಳಿಸಬೇಕು, ವೈದ್ಯರು ಏಳು ದಿನದೊಳಗೆ ವರದಿ ಕೊಡಬೇಕು. ಬಿಎನ್‌ಎಸ್‌ಎಸ್ 184 ಹೇಳುವುದು ಇದು. ಒಪ್ಪಿಗೆ ಇಲ್ಲದೆ ಯಾವುದೂ ಇಲ್ಲ. ಚಿಕಿತ್ಸೆಗೆ ಒಪ್ಪಿ ಸ್ವಾಬಿಗೆ ಬೇಡ ಅನ್ನುವ ಹಕ್ಕೂ ಆಕೆಗಿದೆ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ ವರ್ಷಗಳಾದವು. 2022ರಲ್ಲಿ ಮತ್ತೆ ಎಚ್ಚರಿಸಿದೆ.

2014ರ ಮಾರ್ಗಸೂಚಿಯ ಪ್ರಕಾರ ಘಟನೆಯಾದ 96 ಗಂಟೆಯೊಳಗೆ ಬಂದರೆ ಸ್ವಾಬ್ ಸಹಿತ ಎಲ್ಲ ಮಾದರಿಯನ್ನೂ ತೆಗೆಯಬೇಕು. ಆಮೇಲೆ ಬಂದರೂ ಬಟ್ಟೆ, ಗಾಯಗಳ ದಾಖಲೆ ಇದ್ದೇ ಇವೆ. ಸಂತ್ರಸ್ತೆಯನ್ನು ದೊಡ್ಡ ಪೇಪರಿನ ಮೇಲೆ ನಿಲ್ಲಿಸಿ ಬಟ್ಟೆ ಬಿಚ್ಚಿಸಿ, ಕೆಳಗೆ ಬಿದ್ದದ್ದೆಲ್ಲ ಪೇಪರಿನಲ್ಲೇ ಉಳಿಯಲಿ. ಎಡಗೈ, ಬಲಗೈ ಉಗುರಿನ ಮಾದರಿ ಬೇರೆ ಬೇರೆ. ಬಾಯಿಯ ಸ್ವಾಬ್ ಮೊದಲು ತೆಗೆದು ಆಮೇಲೆ ನೀರು ಕೊಡಿ. ಪಾಪ, ಎಷ್ಟು ಹೊತ್ತಿನಿಂದ ಬಾಯಾರಿ ಕೂತಿರುತ್ತಾಳೋ.

ಡಿಎನ್‌ಎಗೆ ರಕ್ತ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ. ಮದ್ಯ, ಮತ್ತಿನ ಪದಾರ್ಥದ ಪರೀಕ್ಷೆಗೆ ಬೂದು ಮುಚ್ಚಳದ ಸೋಡಿಯಂ ಫ್ಲೋರೈಡ್ ಕೊಳವೆಯಲ್ಲಿ. ಹೆಪಾರಿನ್ ಕೊಳವೆ ಬೇಡ, ಅದು ಪಿಸಿಆರ್‌ಗೆ ಅಡ್ಡಿ. ಗಾಯಾಳುವಿಗೆ ರಕ್ತ ಏರಿಸಬೇಕಾಗಿದ್ದರೆ ಅದಕ್ಕೆ ಮೊದಲೇ ಮಾದರಿ ತೆಗೆಯಿರಿ. ಏರಿಸಿಯಾಗಿದ್ದರೆ ಕೆನ್ನೆಯ ಒಳಭಾಗದ ಸ್ವಾಬ್ ತೆಗೆದು, ರಕ್ತ ಏರಿಸಿದ್ದನ್ನು ಬರೆಯಿರಿ. ಎಫ್‌ಟಿಎ ಕಾರ್ಡ್ (ಡಿಎನ್‌ಎ ಕಾಪಾಡುವ ರಾಸಾಯನಿಕ ಸೇರಿಸಿದ ಕಾಗದ) ಇದ್ದರೆ ಬಹಳ ಅನುಕೂಲ. ರಕ್ತದ ಹನಿ ಹಾಕಿ ಒಣಗಿಸಿದರೆ ಫ್ರಿಜ್ಜೇ ಬೇಡ.

ಪೋಕ್ಸೋ ಪ್ರಕರಣಗಳಲ್ಲಿ ಗರ್ಭಪಾತದ ನಂತರದ ಅಂಗಾಂಶ ಬಹುಮುಖ್ಯ ಸಾಕ್ಷ್ಯ. ತಂದೆ ಯಾರು ಅನ್ನುವುದಕ್ಕೆ ಅದರಿಂದಲೇ ಉತ್ತರ. ಆಪರೇಷನ್ ಥಿಯೇಟರಿನಲ್ಲಿ ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕಿಬಿಡುತ್ತಾರೆ. ಹಿಸ್ಟೊಪೆಥಾಲಜಿಗೆ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಅದು ಸರಿ, ಡಿಎನ್‌ಎಗೆ ಅದು ವಿಷ. ತನಿಖಾಧಿಕಾರಿ ಮೊದಲೇ ಹೋಗಿ ಸಿಸ್ಟರಿಗೂ ಹೇಳಿ, ಲಿಖಿತವಾಗಿಯೂ ಕೊಡಿ. ಫಾರ್ಮಲಿನ್ ಇಲ್ಲದ ಸ್ಟೆರೈಲ್ ಡಬ್ಬಿ, ಐಸು, ಕಾಯುತ್ತಾ ನಿಂತ ಕಾನ್ಸ್‌ಟೇಬಲ್, ಮೂರೂ ಸಿದ್ಧವಿರಲಿ.

ಶವಾಗಾರದಲ್ಲಿ

ವಿಷ ಪರೀಕ್ಷೆಗೆ ಒಳಾಂಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಇಡುವುದು ಹಳೆಯ ಪದ್ಧತಿ. ಡಿಎನ್‌ಎ ಮಾದರಿಯನ್ನು ಆ ಬಾಟಲಿಗೆ ಸೇರಿಸಬೇಡಿ. ತಾಜಾ ಶವವಾದರೆ ರಕ್ತ ಸಾಕು. ಕೊಳೆತದ್ದಾದರೆ ಆಳದ ಮಾಂಸಖಂಡ. ಅದೂ ಕರಗಿದ್ದರೆ ತೊಡೆಯ ಮೂಳೆ ಮತ್ತು ಹುಳುಕಿಲ್ಲದ ದವಡೆ ಹಲ್ಲು. ಮೂಳೆಯನ್ನು ಬಿಸಿನೀರಿನಲ್ಲಿ ಕುದಿಸಿ ಸ್ವಚ್ಛ ಮಾಡುವುದು ಬೇಡ. ಶವದ ಕೈಗಳಿಗೆ ಸ್ಥಳದಲ್ಲೇ ಪೇಪರ್ ಚೀಲ ಕಟ್ಟಿ ಕಳಿಸಿದರೆ ಉಗುರಿನಡಿಯ ಸಾಕ್ಷ್ಯ ದಾರಿಯಲ್ಲಿ ಉದುರುವುದಿಲ್ಲ. ಬಟ್ಟೆಯನ್ನು ಬಿಚ್ಚಿ ಸಿಬ್ಬಂದಿ ಮೂಲೆಗೆ ಎಸೆಯುವ ಮುನ್ನ ನೀವು ಅಲ್ಲಿರಬೇಕು.

ಠಾಣೆಯಿಂದ ಲ್ಯಾಬಿಗೆ

ಕಟ್ಟವೆಳ್ಳೈ ತೀರ್ಪು ಗಡುವು ಕೊಟ್ಟಿದೆ: ಸಂಗ್ರಹಿಸಿದ 48 ಗಂಟೆಯೊಳಗೆ ಡಿಎನ್‌ಎ ಮಾದರಿ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಲುಪಬೇಕು. ತಲುಪಿಸುವ ಜವಾಬ್ದಾರಿ ತನಿಖಾಧಿಕಾರಿಯದು. ತಡವಾದರೆ ಕಾರಣ ಕೇಸ್ ಡೈರಿಯಲ್ಲಿ ಇರಬೇಕು. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ಎಫ್‌ಎಸ್‌ಎಲ್ ಇದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಕಡೆ ಪ್ರಾದೇಶಿಕ ಲ್ಯಾಬುಗಳಿವೆ. ಎಲ್ಲ ಕಡೆ ಎಲ್ಲ ಪರೀಕ್ಷೆಯೂ ಆಗುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಪತ್ರದಲ್ಲಿ ಒಂದು ಅಂಕಿ ತಪ್ಪಿದೆ ಅಂತ ಪಾರ್ಸಲ್ ಹಿಡಿದು ವಾಪಸ್ ಬರುವಾಗ ಆ 48 ಗಂಟೆಯಲ್ಲಿ ಎಷ್ಟು ಉಳಿದಿರುತ್ತದೆ ಹೇಳಿ?

ಐಸ್ ಬಾಕ್ಸಿನಲ್ಲಿ ಬರೀ ಐಸ್ ತುಂಬಬೇಡಿ, ಕರಗಿದ ನೀರು ಲೇಬಲ್ ಅಳಿಸುತ್ತದೆ, ಪೇಪರ್ ನೆನೆಸುತ್ತದೆ. ಜೆಲ್ ಪ್ಯಾಕ್ ಬಳಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆಯ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಪಾರ್ಸಲ್ ಬಿಟ್ಟು ಊಟಕ್ಕೆ ಇಳಿಯುವಂತಿಲ್ಲ. ಒಯ್ಯುವವರು ಅದನ್ನು ಕೈಯಲ್ಲೇ ಇಟ್ಟುಕೊಂಡಿರಬೇಕು.

ಕಾಯಲೇಬೇಕಾದರೆ? ದ್ರವರೂಪದ ರಕ್ತ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ಕೆಳಭಾಗದಲ್ಲಿ. ಫ್ರೀಜರಿಗೆ ಹಾಕಿದರೆ ಕೊಳವೆ ಒಡೆಯುತ್ತದೆ, ರಕ್ತಕಣಗಳೂ ಒಡೆಯುತ್ತವೆ. ಅಂಗಾಂಶಕ್ಕೆ ಮಾತ್ರ ಫ್ರೀಜರ್. ಪೂರ್ತಿ ಒಣಗಿದ ಬಟ್ಟೆ, ಕೂದಲು, ಒಣ ಮೂಳೆ, ಹಲ್ಲು ತೇವವಿಲ್ಲದ ತಂಪು ಕೋಣೆಯಲ್ಲಿ ಇರಬಹುದು. ಒಣಗಿದ ಸ್ವಾಬುಗಳನ್ನು ಫ್ರಿಜ್ಜಿಗೆ ಹಾಕಿದರೆ ಒಳ್ಳೆಯದು. ಆ ಫ್ರಿಜ್ಜಿನಲ್ಲಿ ಸಿಬ್ಬಂದಿಯ ಹಾಲಿನ ಪ್ಯಾಕೆಟ್, ಮಧ್ಯಾಹ್ನದ ಮೊಸರು ಇರಬಾರದು. ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಓದಿ ಬರೆಯಿರಿ. ಕರೆಂಟು ಹೋದದ್ದನ್ನೂ ಬರೆಯಿರಿ.

ಕಸ್ಟಡಿ ಸರಪಳಿಯ ರಿಜಿಸ್ಟರ್ ಈಗ ಐಚ್ಛಿಕವಲ್ಲ. ಸಂಗ್ರಹದಿಂದ ಹಿಡಿದು ಆರೋಪಿಗೆ ಶಿಕ್ಷೆಯೋ ಬಿಡುಗಡೆಯೋ ಆಗುವವರೆಗೆ ಪ್ರತಿ ಕೈಬದಲಾವಣೆಗೂ ಎರಡೂ ಕಡೆಯ ಸಹಿ, ಕಾರಣ ಬೇಕು. ಆ ರಿಜಿಸ್ಟರ್ ವಿಚಾರಣಾ ಕೋರ್ಟಿನ ದಾಖಲೆಗೆ ಸೇರಬೇಕು. ಇಲ್ಲದಿದ್ದರೆ ವಿವರಣೆ ಕೊಡಬೇಕಾದವರು ತನಿಖಾಧಿಕಾರಿ. ಸಾಯಂಕಾಲ ಕೂತು ಒಂದೇ ಪೆನ್ನಿನಲ್ಲಿ ಮೂರು ದಿನದ್ದು ತುಂಬಿದರೆ ನೋಡಿದವರಿಗೆ ಗೊತ್ತಾಗುತ್ತದೆ. ಆಗಿಂದಾಗ್ಗೆ ಬರೆಯಿರಿ.

ಲ್ಯಾಬಿನಿಂದ ವಾಪಸ್ ಬಂದ ಮೇಲೆ

ವರದಿ ಬಂತು, ಉಳಿದ ಮಾದರಿಗೆ ಇನ್ನೇನು ಕೆಲಸ ಅಂದುಕೊಳ್ಳುವವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 'ಗೋಲ್ಡನ್ ಸ್ಟೇಟ್ ಕಿಲ್ಲರ್' ಅಂತ ಹೆಸರಾದ ಜೋಸೆಫ್ ಡಿಏಂಜೆಲೊ ಸಿಕ್ಕಿಬಿದ್ದದ್ದು 2018ರಲ್ಲಿ. ದಾರಿ ತೋರಿಸಿದ್ದು ವೆಂಚುರಾದಲ್ಲಿ 1980ರಲ್ಲಿ ನಡೆದ ಜೋಡಿ ಕೊಲೆಯ ಮಾದರಿ. ಅದನ್ನು ಸಂಗ್ರಹಿಸಿದಾಗ ಡಿಎನ್‌ಎ ಪರೀಕ್ಷೆ ಎಂಬುದೇ ಇರಲಿಲ್ಲ. ಇನ್ನೊಂದು ಬದಿಯೂ ಇದೆ. ಅಮೆರಿಕದಲ್ಲಿ ಗ್ಯಾರಿ ಡಾಟ್ಸನ್ ಎಂಬಾತ ಅತ್ಯಾಚಾರದ ಆರೋಪದಲ್ಲಿ ಜೈಲು ಸೇರಿ, 1989ರಲ್ಲಿ ಡಿಎನ್‌ಎ ಆಧಾರದ ಮೇಲೆ ನಿರ್ದೋಷಿಯಾಗಿ ಹೊರಬಂದ. ಹಳೆಯ ಕಲೆ ಉಳಿದಿದ್ದರಿಂದ ಅದು ಆಯಿತು.

ಹಾಗಾಗಿ ವಿಚಾರಣೆ, ಮೇಲ್ಮನವಿ ಬಾಕಿ ಇರುವಾಗ ಪಾರ್ಸಲ್ ತೆರೆಯುವುದಕ್ಕೂ ಮತ್ತೆ ಸೀಲ್ ಮಾಡುವುದಕ್ಕೂ ವಿಚಾರಣಾ ಕೋರ್ಟಿನ ಅನುಮತಿ ಬೇಕು. ಇಲಿ ಕಡಿದಿದೆ, ಕವರ್ ಹರಿದಿದೆ ಅಂತ ಠಾಣೆಯಲ್ಲೇ ಹೊಸ ಕವರಿಗೆ ಬದಲಾಯಿಸಬೇಡಿ. ಫೋಟೋ ತೆಗೆದು ಕೋರ್ಟಿಗೆ ಬರೆಯಿರಿ.

ಬಿಎನ್‌ಎಸ್‌ಎಸ್ 497 ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಡುತ್ತದೆ. ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತು, ಕೋರ್ಟಿಗೆ ಹಾಜರಾದ 14 ದಿನದೊಳಗೆ ಅದರ ವಿವರಪಟ್ಟಿ, ಜೊತೆಗೆ ಫೋಟೋ, ಆಮೇಲೆ 30 ದಿನದೊಳಗೆ ವಿಲೇವಾರಿಯ ಆದೇಶ ಎಂಬ ವ್ಯವಸ್ಥೆ ಅದರಲ್ಲಿದೆ. ವರ್ಷಗಟ್ಟಲೆ ತುಕ್ಕು ಹಿಡಿಯುವ ಬೈಕು, ಕಾರುಗಳಿಗೆ ಇದು ವರವೇ. ಆದರೆ ಬೈಕಿನ ಸೀಟಿನ ಮೇಲೆ ರಕ್ತದ ಕಲೆ ಇದ್ದರೆ? ಫೋಟೋ ಉಳಿಯುತ್ತದೆ, ಡಿಎನ್‌ಎ ಉಳಿಯುವುದಿಲ್ಲ. ಪಟ್ಟಿ ತಯಾರಾಗುವ ಹಂತದಲ್ಲೇ ಸರ್ಕಾರಿ ಅಭಿಯೋಜಕರ ಮೂಲಕ ಅರ್ಜಿ ಹಾಕಿ. ಯಾವ ವಸ್ತುವಿನಲ್ಲಿ ಜೈವಿಕ ಕಲೆ ಇದೆ, ಲ್ಯಾಬಿನವರು ಅದನ್ನು ಬೇರ್ಪಡಿಸಿ ತೆಗೆದಿದ್ದಾರೋ ಇಲ್ಲವೋ ಅಂತ ಒಂದೊಂದಾಗಿ ಕಾಣಿಸಿ. ತೆಗೆದಾಗಿದ್ದರೆ ಬೈಕು ಮಾಲೀಕರಿಗೆ ಹೋಗಲಿ, ಕಲೆಯ ತುಂಡು ಮತ್ತು ಉಳಿದ ಸ್ವಾಬ್ ಸೀಲಾಗಿ ಉಳಿಯಲಿ. ತೆಗೆದಿಲ್ಲದಿದ್ದರೆ ಸೀಟು ಬಿಚ್ಚಿ ಇಟ್ಟುಕೊಳ್ಳಲು ಅನುಮತಿ ಕೇಳಿ, ಆದೇಶದ ಪ್ರತಿಯನ್ನು ಕಸ್ಟಡಿ ರಿಜಿಸ್ಟರಿನ ಆ ಪುಟಕ್ಕೇ ಲಗತ್ತಿಸಿ.